ಹೆರಿಗೆ ಕೋಣೆಯಲ್ಲಿ ಗಂಡನ ಕೆಲಸ

ನಮ್ಮ ಹೆರಿಗೆಯಲ್ಲಿ (ಹೆತ್ತವಳು ಅವಳು, ‘ನಮ್ಮ’ ಅನ್ನಲು ಅವಳ ಒಪ್ಪಿಗೆ ಇದೆ) ನನ್ನಿಂದ ಹೆಚ್ಚು ಉಪಯೋಗಕ್ಕೆ ಬಂದದ್ದು ಅಂಗೈಯ ಬುಡ.

ಅದಕ್ಕೂ ಮೊದಲು, ಒಳಗೆ ಬಿಡುತ್ತಾರೋ ಇಲ್ಲವೋ ಅಂತ 34ನೇ ವಾರದ ಚೆಕಪ್‌ನಲ್ಲೇ ಕೇಳಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹೆರಿಗೆ ಕಂಡ ಹೆಂಗಸೊಬ್ಬರಿಗೆ ಅವಕಾಶ; ಹಾಸಿಗೆಗಳ ನಡುವೆ ಸರಿಯಾದ ಮರೆ ಇದ್ದರೆ ಮಾತ್ರ ಗಂಡನಿಗೆ. ನೀವು ಹೊರಗೇ ಉಳಿಯುವಂತಿದ್ದರೆ ಕೆಳಗಿನದನ್ನೆಲ್ಲ ಒಳಗೆ ಹೋಗುವ ಅಮ್ಮನಿಗೋ ಅಕ್ಕನಿಗೋ ಕಲಿಸಿ.

ಮನೆಯಲ್ಲಿ ಮಾಡಬೇಕಾದದ್ದು ನೋವಿನ ಲೆಕ್ಕ. ತಪ್ಪುವುದೂ ಇಲ್ಲೇ. ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ಹೊತ್ತಿಗೆ ಎಣಿಸಬೇಕು. 2:10ಕ್ಕೆ ಶುರುವಾಗಿ 2:11ಕ್ಕೆ ನಿಂತು, ಮತ್ತೆ 2:15ಕ್ಕೆ ಬಂದರೆ ಅಂತರ 5 ನಿಮಿಷ, ನಾಲ್ಕಲ್ಲ. ಮೊದಲ ಹೆರಿಗೆಯಾದರೆ, 5 ನಿಮಿಷಕ್ಕೊಮ್ಮೆ ಬಂದು, ಸುಮಾರು 1 ನಿಮಿಷ ಇದ್ದು, 1 ಗಂಟೆ ಹಾಗೇ ನಡೆದರೆ ಹೊರಡುವ ಹೊತ್ತು. ಎರಡನೆಯದಾದರೆ, ಅಥವಾ ಆಸ್ಪತ್ರೆ ದೂರವಿದ್ದರೆ, ಅಷ್ಟು ಕಾಯಬೇಡಿ. ಓಡಾಡಿದರೆ, ಬಿಸಿನೀರು ಹಾಕಿಕೊಂಡರೆ, ಮಗ್ಗುಲು ಬದಲಿಸಿದರೆ ಕಡಿಮೆಯಾಗುವುದು ಸುಳ್ಳು ನೋವು. ಲೋಳೆಯಲ್ಲಿ ರಕ್ತದ ಎಳೆ ಕಂಡ ಮಾತ್ರಕ್ಕೆ ಓಡಬೇಕಿಲ್ಲ. ಆದರೆ ನೀರು ಹೋದರೆ, ರಕ್ತ ಹರಿದರೆ, ಮಗುವಿನ ಒದೆತ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಲೆಕ್ಕ ಬಿಟ್ಟು ಹೊರಡಿ. ನೀರು ಹೋದ ಹೊತ್ತು, ಬಣ್ಣ, ವಾಸನೆ ಬರೆದಿಡಿ. ಹಸಿರೋ ಕಂದೋ ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ. ಸಿಸ್ಟರ್‌ಗೆ ಮೊದಲು ಹೇಳಬೇಕಾದ ಮಾತು ಅದೇ.

ಅಲ್ಲಿ ‘3 ಸೆಂಟಿಮೀಟರ್ ಬಿಟ್ಟಿದೆ’ (ಗರ್ಭಕೋಶದ ಬಾಯಿ ಅಷ್ಟು ತೆರೆದಿದೆ) ಅಂದರೆ ಎದೆಗುಂದಬೇಡಿ. ಗಂಟೆಗೆ 1 ಸೆಂ.ಮೀ. ಎಂಬ ಹಳೆಯ ಅಳತೆ ಎಲ್ಲರಿಗೂ ಹೊಂದುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಹೆರಿಗೆ ಬಿರುಸಾಗುವುದು 5ರಿಂದ ಅನ್ನುವುದು ಅದರ ಲೆಕ್ಕ.

ಇನ್ನು ಅಂಗೈ. ಅವಳು ಮಂಚಕ್ಕೆ ಮುಂಗೈ ಊರಿ, ಕಾಲು ಅಗಲಿಸಿ, ಮುಂದಕ್ಕೆ ಬಾಗಿ ನಿಲ್ಲಬೇಕು. ಒತ್ತಬೇಕಾದ ಜಾಗ ಸೊಂಟಪಟ್ಟಿ ಬರುವಲ್ಲಿ ಇಲ್ಲ. ಅದಕ್ಕಿಂತ ಕೆಳಗೆ, ಪೃಷ್ಠದ ಸೀಳಿನ ಮೇಲ್ತುದಿಯ ಚಪ್ಪಟೆ ಮೂಳೆಯ ಮೇಲೆ. ನೋವು ಏರುತ್ತಿದ್ದಂತೆ ಅಂಗೈಯ ಬುಡ ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ಮೈಭಾರ ಬಿಡಿ. ಉಜ್ಜಬೇಡಿ, ಉಜ್ಜಿದರೆ ಹತ್ತು ನಿಮಿಷಕ್ಕೆ ಚರ್ಮ ಉರಿಯುತ್ತದೆ. ನೋವು ಇಳಿದ ಮೇಲೆ ಮೆಲ್ಲಗೆ ಕೈ ತೆಗೆಯಿರಿ. ‘ಇನ್ನೂ ಕೆಳಗೆ’, ‘ಜೋರು’ ಅಂತ ಅವಳೇ ಹೇಳುತ್ತಾಳೆ. ನಾವು ಅಂದುಕೊಂಡದ್ದಕ್ಕಿಂತ ಎರಡರಷ್ಟು ಜೋರು ಬೇಕು. ಮಣಿಕಟ್ಟು ಸೋತರೆ ಎರಡೂ ಅಂಗೈಯಿಂದ ಸೊಂಟದ ಎರಡು ಪಕ್ಕಗಳನ್ನು ಒಳಕ್ಕೆ ಅದುಮಬಹುದು. ಮಗುವಿನ ಮುಖ ಅಮ್ಮನ ಹೊಟ್ಟೆಯ ಕಡೆ ತಿರುಗಿದ್ದರೆ ಬೆನ್ನುನೋವು ಹೆಚ್ಚು. ಆಗ ಮಂಡಿ, ಕೈ ಊರಿ ನಿಂತರೆ ಹಗುರ.

ಅಂಗಾತ ಮಲಗಿಸಬೇಡಿ. ಗರ್ಭಕೋಶದ ಭಾರ ಹಿಂದಿನ ದೊಡ್ಡ ರಕ್ತನಾಳವನ್ನು ಅಮುಕಿ ಬಿ.ಪಿ. ಇಳಿಯುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಮಲಗಲೇಬೇಕಿದ್ದರೆ ಎಡಮಗ್ಗುಲು. 2 ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸಿ; ಮೂತ್ರಕೋಶ ತುಂಬಿದ್ದರೆ ತಲೆ ಇಳಿಯಲು ಅಡ್ಡಿ. ವೈದ್ಯರು ಬೇಡ ಅನ್ನದಿದ್ದರೆ ಎಳನೀರು, ತೆಳು ಗಂಜಿ ಗುಟುಕು ಗುಟುಕಾಗಿ.

‘ಮುಕ್ಕು, ಮುಕ್ಕು’ ಅಂತ ಸುತ್ತಲಿನವರು ಬೇಗ ಶುರುಮಾಡಿಬಿಡುತ್ತಾರೆ. ಗರ್ಭಕೋಶದ ಬಾಯಿ 10 ಸೆಂ.ಮೀ. ತೆರೆಯುವ ಮೊದಲು ಮುಕ್ಕಿದರೆ ಅದು ಊದಿಕೊಂಡು ಇನ್ನೂ ತಡವಾಗಬಹುದು, ಶಕ್ತಿಯೂ ಹಾಳು. ತಲೆ ಬಾಗಿಲಲ್ಲಿ ಕಂಡಾಗ ಸಿಸ್ಟರ್ ‘ನಿಲ್ಲಿಸಿ’ ಅನ್ನುತ್ತಾರೆ. ಆಗ ಬಾಯಿ ತೆರೆದು ಹಾ-ಹಾ-ಹಾ ಅಂತ ಉಸಿರು ಬಿಟ್ಟರೆ ಚರ್ಮ ಹರಿಯುವುದು ಕಡಿಮೆ. ಆ ಗದ್ದಲದಲ್ಲಿ ಅವಳಿಗೆ ಸಿಸ್ಟರ್ ಮಾತು ಕೇಳಿಸದಿರಬಹುದು. ಪಕ್ಕದಲ್ಲಿ ನಿಂತು ನೀವೇ ಹಾ-ಹಾ ಅಂದು ತೋರಿಸಿ.

ಮಗು ಚೆನ್ನಾಗಿ ಅತ್ತರೆ ಹೊಕ್ಕುಳಬಳ್ಳಿ ಕತ್ತರಿಸಲು 1ರಿಂದ 3 ನಿಮಿಷ ಕಾಯಬಹುದೇ ಅಂತ ಮೊದಲೇ ಕೇಳಿಡಿ. ಮಾಸು ಬೀಳುವಷ್ಟರಲ್ಲಿ ಅವಳಿಗೊಂದು ಇಂಜೆಕ್ಷನ್ ಕೊಡುತ್ತಾರೆ, ರಕ್ತಸ್ರಾವ ತಡೆಯಲು, ಗಾಬರಿ ಬೇಡ. ಮಗು ಅಮ್ಮನ ಬರಿಮೈಗೆ ತಾಗಿರಲಿ, ಮೇಲೊಂದು ಬಟ್ಟೆ ಹೊದಿಸಿ, ಮೊದಲ ಗಂಟೆಯೊಳಗೆ ಮೊಲೆಗೆ. ಜೇನು, ಸಕ್ಕರೆ ನೀರು ತಂದ ನೆಂಟರನ್ನು ಬಾಗಿಲಲ್ಲೇ ತಡೆಯುವುದೂ ಗಂಡನ ಕೆಲಸ. ಸ್ನಾನ 24 ಗಂಟೆ ಆದಮೇಲೆ.

ನಂತರದ 24 ಗಂಟೆ ಕಣ್ಣು ಪ್ಯಾಡಿನ ಮೇಲೆ. ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಡಿಸ್ಚಾರ್ಜ್‌ಗೆ ಮುಂಚೆ ಬಿ.ಸಿ.ಜಿ., ಪೋಲಿಯೊ ಹನಿ, ಹೆಪಟೈಟಿಸ್ ಬಿ ಹಾಕಿದ್ದು ತಾಯಿ ಕಾರ್ಡಿನಲ್ಲಿ ಬರೆದಿದೆಯೇ ನೋಡಿ. ಜನನ ನೋಂದಣಿಯ ಫಾರ್ಮಿನಲ್ಲಿ ನಿಮ್ಮಿಬ್ಬರ ಹೆಸರಿನ ಕಾಗುಣಿತ ಆಧಾರ್‌ಗೆ ಹೋಲಿಸಿ. ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ, ನಾಮಕರಣ ಆದಮೇಲೆ ಸೇರಿಸಬಹುದು.