ಹಳೇ ಮಂಗಳೂರು ನೋಡೋಕೆ ಮೇಲಿಂದ ಕೆಳಗೆ ಇಳಿಯಿರಿ

ಮಂಗಳೂರಿಗೆ ಬರುವ ನೆಂಟರು ಪಣಂಬೂರು ಬೀಚ್, ಮೀನೂಟ, ಗಡ್‌ಬಡ್ ಮುಗಿಸಿ ಹೊರಟುಬಿಡುತ್ತಾರೆ. ಹಳೇ ಊರು ತೋರಿಸು ಅಂದವರನ್ನು ಮಾತ್ರ ನಾನು ಬಲ್ಮಠದಿಂದ ಬಂದರಿನವರೆಗೆ ನಡೆಸಿಕೊಂಡು ಹೋಗುತ್ತೇನೆ. ಉಲ್ಟಾ ಹೋಗಬೇಡಿ. ಈ ಸೆಖೆಯಲ್ಲಿ ಬಾವುಟಗುಡ್ಡೆ ಹತ್ತಿದರೆ ಅಂಗಿ ಹಿಂಡಬೇಕಾಗುತ್ತದೆ.

ಬಲ್ಮಠ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರ ಜಾಗ. 1834ರಲ್ಲಿ ಬಂದ ಇವರು ಬ್ರಿಟಿಷರಲ್ಲ, ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಇವರಲ್ಲೊಬ್ಬರಾದ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದರು. ಶಾಲೆಯಲ್ಲಿ ಓದಿರುತ್ತೀರಿ, ಅಲ್ವಾ?

ನನಗೆ ಅದಕ್ಕಿಂತ ಜಾಸ್ತಿ ಹುಚ್ಚು ಅವರ ಹಂಚಿನದು. ಹಳೇ ಮನೆ ಬಿಚ್ಚುವ ಕಡೆ ರಾಶಿ ಹಾಕಿರುತ್ತಾರೆ, ಕೇಳಿ ಒಂದನ್ನು ಮಗುಚಿ ನೋಡಿ. ಬಾಸೆಲ್ ಮಿಷನ್, 1865 ಅಂತ ಒತ್ತಿರುವುದು ಸಿಗಬಹುದು. ತುಂಬಾ ಜನ ಅದನ್ನು ಹಂಚು ಮಾಡಿದ ವರ್ಷ ಅಂದುಕೊಂಡು ಖುಷಿಪಡುತ್ತಾರೆ, ಅದು ಜೆಪ್ಪಿನ ಕಾರ್ಖಾನೆ ಶುರುವಾದ ವರ್ಷ ಅಷ್ಟೇ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು, ಜರ್ಮನ್ನರ ನಂಟಿದೆ ಅಂತ, ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು. ಆಮೇಲೆ ಅವನ್ನು ನಡೆಸಿದ ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿಯ ಹೆಸರು ಹಂಚಿನ ಮೇಲೆ ಬಂತು. ಹಾಗಾಗಿ ವರ್ಷ ಬಿಡಿ, ಹೆಸರು ನೋಡಿ. ಮನೆಯ ವಯಸ್ಸು ಸುಮಾರಾಗಿ ತಿಳಿಯುತ್ತದೆ, ಮಾಡು (ಚಾವಣಿ) ನಡುವೆ ಬದಲಾಗಿಲ್ಲದಿದ್ದರೆ.

ಬಾವುಟಗುಡ್ಡೆಯ ಮೇಲೆ ಅಲೋಶಿಯಸ್ ಕಾಲೇಜಿನ ಚಾಪೆಲ್ ಬಿಡಬೇಡಿ. ಗೋಡೆ, ಮಾಡು ತುಂಬ ಇಟಲಿಯ ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು, ಗಾರೆ ಒಣಗುವುದರೊಳಗೆ ಅಷ್ಟು ಭಾಗ ಮುಗಿಯಲೇಬೇಕು. ನಮ್ಮ ಕರಾವಳಿಯ ತೇವಕ್ಕೆ ಸುಣ್ಣ ಬಳಿದ ಗೋಡೆಯೇ ಮಳೆಗಾಲ ಕಳೆದ ಮೇಲೆ ಕಪ್ಪಾಗುತ್ತದೆ, ಇವು ಉಳಿದಿದ್ದೇ ದೊಡ್ಡದು. ಸುಮ್ನೆ ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡಿ.

ಅಲ್ಲಿಂದ ಹಂಪನಕಟ್ಟೆ, ಮಿಲಾಗ್ರಿಸ್, ರೊಸಾರಿಯೊ ಇಗರ್ಜಿ (ಚರ್ಚ್). ರೊಸಾರಿಯೊದ ಮೂಲ ಪೋರ್ಚುಗೀಸರ ಕಾಲದ್ದು, ಈಗಿನ ಕಟ್ಟಡ ಆಮೇಲಿನದು.

ಬಂದರಿಗೆ ಬೆಳಗ್ಗೆಯೇ ತಲುಪಿದರೆ ಒಳ್ಳೆಯದು. ದೊಡ್ಡ ಹಡಗುಗಳು 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರಿಗೆ ಹೋದವು, ಆದರೂ ಲಕ್ಷದ್ವೀಪಕ್ಕೆ ಸಿಮೆಂಟು, ತರಕಾರಿ ಹೊರುವ ಮಂಜಿಗಳು (ಸರಕಿನ ಮರದ ದೋಣಿಗಳು) ಇಲ್ಲೇ ನಿಲ್ಲುತ್ತವೆ. ಮಳೆಗಾಲದಲ್ಲಿ ಅವು ಓಡುವುದಿಲ್ಲ. ಭಾನುವಾರವೂ ಬೇಡ, ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ.