ಹಿಂಡಿ ನೀರಲ್ಲಿ ಪಾಲಕ್ ಬೆಳೆದಿದ್ದು: ನನ್ನ ಅನುಭವ

ಟೆರೇಸ್ ಮೇಲೆ ಮಣ್ಣಿಲ್ದೆ ಬರೀ ಪೋಷಕಾಂಶದ ನೀರಲ್ಲೇ ಬೆಳೆಸೋ ಹೈಡ್ರೋಪೋನಿಕ್ಸ್‌ನಲ್ಲಿ ಪಾಲಕ್, ಲೆಟ್ಯೂಸ್ ಬೆಳೀತಿದೀನಿ. ಮೊದ್ಲು ಅಂಗಡಿಯಿಂದ ಎ-ಬಿ ದ್ರಾವಣ (ನೀರಿಗೆ ಬೆರೆಸೋ ಎರಡು ಬಾಟಲಿ ರಾಸಾಯನಿಕ ಗೊಬ್ಬರ) ತರ್ತಿದ್ದೆ, ಆಮೇಲೆ ಗಾಣದಲ್ಲಿ ಸಿಗೋ ಕಡಲೆಕಾಯಿ ಹಿಂಡೀಲೇ ಮಾಡೋಣ ಅಂತ ನಾಲ್ಕು ದಿನ ನೆನೆಸಿ, ಸೋಸಿ, ಸೀದಾ ಗಿಡದ ಬಕೆಟ್ಟಿಗೆ ಸುರಿದೆ. ಮೂರನೇ ದಿನ ನನ್ನ ಹೆಂಡತಿ "ರೀ, ಮೇಲೆ ಏನೋ ಸತ್ತಿರೋ ಹಂಗಿದೆ ನೋಡಿ" ಅಂದ್ಲು. ಗಿಡ ಎತ್ತಿದ್ರೆ ಬೆಳ್ಳಗಿದ್ದ ಬೇರೆಲ್ಲ ಕಂದು, ಮುಟ್ಟಿದ್ರೆ ಸಿಪ್ಪೆ ಕಳಚ್ಕೊಂಡು ಒಳಗಿನ ದಾರ ಮಾತ್ರ ಉಳೀತು. ತುಂಬಾ ಸಂಕಟ ಆಯ್ತು.

ಮಣ್ಣಲ್ಲಾದ್ರೆ ಬ್ಯಾಕ್ಟೀರಿಯಾಗಳು ಹಿಂಡೀನ ಕೊಳೆಸಿ ಅಮೋನಿಯಾ ಮಾಡಿ, ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಗಿಡಕ್ಕೆ ಕೊಡ್ತವೆ. ಬರೀ ನೀರಲ್ಲಿ ಅವು ಸಾಕಷ್ಟಿರಲ್ಲ, ಜೊತೆಗೆ ಕೊಳೆಯೋ ಹಿಂಡಿ ಆಕ್ಸಿಜನ್ನೆಲ್ಲ ಎಳ್ಕೊಂಡು ಬೇರಿಗೆ ಉಸಿರೇ ಇಲ್ದಂಗೆ ಮಾಡತ್ತೆ.

ಅದಕ್ಕೇ ಈಗ ಗಿಡ ಇಡೋಕೆ ಮುಂಚೆ ನೀರನ್ನ ಹದ ಮಾಡ್ಕೋತೀನಿ. 20 ಲೀಟರ್ ನೀರು, ನಲ್ಲಿ ನೀರಾದ್ರೆ ಕ್ಲೋರಿನ್ ಹೋಗ್ಲಿ ಅಂತ ಒಂದು ದಿನ ತೆರೆದಿಡ್ತೀನಿ, ಆ ಬ್ಯಾಕ್ಟೀರಿಯಾ ಬರ್ಲಿ ಅಂತ ಹಳೇ ಪಂಚೆ ತುಂಡಲ್ಲಿ ಎರಡು ಹಿಡಿ ಎರೆಗೊಬ್ಬರ ಕಟ್ಟಿ ಇಳಿಬಿಟ್ಟು ಮೀನಿನ ತೊಟ್ಟಿಯ ಏರ್ ಪಂಪ್ ಹಗಲೂ ರಾತ್ರಿ ಓಡಿಸ್ತೀನಿ. ದಿನಕ್ಕೆ ಐದೇ ಗ್ರಾಂ ಹಿಂಡಿಪುಡಿ, ಒಂದು ವಾರ ಅಷ್ಟೇ. ಆಮೇಲೆ ಸುಮ್ನೆ ಕಾಯ್ಬೇಕು. ಅಕ್ವೇರಿಯಂ ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ ಟ್ಯೂಬ್ ಮೊದ್ಲು ಕಡು ಹಸಿರು ಬರ್ತಿತ್ತು, 18ನೇ ದಿನಕ್ಕೆ ಪೂರ್ತಿ ಹಳದಿಗೆ ತಿರುಗ್ತು, ಅಂದ್ರೆ ಅಮೋನಿಯಾ ಹೋಯ್ತು, ನೈಟ್ರೇಟ್ ಟ್ಯೂಬ್ ಕೆಂಪಗಾಯ್ತು, ಅಂದ್ರೆ ನೈಟ್ರೇಟ್ ಬಂತು, ನಾತ ಹೋಗಿ ನೀರು ಒದ್ದೆ ಮಣ್ಣಿನ ವಾಸನೆ ಬಂತು. ಆಗ ಸಸಿ ಇಟ್ಟೆ. ನೀರಲ್ಲಿ ಕರಗಿರೋ ಲವಣ ಅಳೆಯೋ ಟಿಡಿಎಸ್ ಮೀಟರ್ ನೋಡಿ ಕಮ್ಮಿ ಇದೆ ಅಂತ ಇನ್ನಷ್ಟು ಹಿಂಡಿ ಹಾಕ್ಬೇಡಿ, ಇನ್ನೂ ಕರಗದೇ ಇರೋ ಸಾರ ಆ ಮೀಟರ್‌ಗೆ ಕಾಣಲ್ಲ.

ಬಾಳೆಸಿಪ್ಪೆ ನೆನೆಸಿದ ನೀರೂ ಹಾಕಿ ನೋಡಿದೆ. ಪೊಟ್ಯಾಶ್ ಏನೋ ಬಿಡತ್ತೆ, ಆದ್ರೆ ಅದರ ಸಕ್ಕರೆಗೆ ಲೋಳೆ ಕಟ್ಟಿ ಪಂಪಿನ ಗಾಳಿನ ಗುಳ್ಳೆ ಮಾಡಿ ಬಿಡೋ ಏರ್ ಸ್ಟೋನ್ ಮುಚ್ಚೋಯ್ತು, ಈಗ ಚಿಟಿಕೆ ಸೌದೆ ಬೂದಿ ಸಾಕು ಅನ್ಸತ್ತೆ, ಜಾಸ್ತಿ ಹಾಕಿದ್ರೆ ಪಿಎಚ್ ಏರತ್ತೆ, ಅಂದ್ರೆ ನೀರು ಕ್ಷಾರ ಆಗತ್ತೆ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಅಂತ ಕಂಡ್ರೆ ಕಬ್ಬಿಣ ಸಾಲ್ತಿಲ್ಲ ಅಂತ. ಅದಕ್ಕೆ ನಾನು ಚೀಲೇಟೆಡ್ ಐರನ್ (ನೀರಲ್ಲಿ ಕರಗೇ ಇರೋ ಹಾಗೆ ಮಾಡಿರೋ ರಾಸಾಯನಿಕ ಕಬ್ಬಿಣ) ಸ್ವಲ್ಪ ಹಾಕ್ತೀನಿ, ಹಾಗಾಗಿ ನೂರಕ್ಕೆ ನೂರು ಸಾವಯವ ಅಂತ ಹೇಳ್ಕೊಳಲ್ಲ. ಹಸಿ ಸಗಣಿ ನೀರಂತೂ ಬೇಡವೇ ಬೇಡ, ಲೆಟ್ಯೂಸ್ ಹಸಿಯಾಗೇ ತಿನ್ನೋದು, ಮಕ್ಕಳಿರೋ ಮನೆ.

ಒಂದು ಬೆಳೆ ಮುಗಿದ್ಮೇಲೆ ಐದು ಲೀಟರ್ ಹಳೇ ನೀರು ಎತ್ತಿಟ್ಕೋತೀನಿ, ಮೊಸರಿಗೆ ಹೆಪ್ಪು ಉಳಿಸ್ಕೊಳ್ಳೋ ಹಾಗೆ. ಅದನ್ನ ಹೊಸ ನೀರಿಗೆ ಹಾಕಿ ಶುರು ಮಾಡಿದ್ರೆ ನಮ್ಮಲ್ಲಿ ಹತ್ತೇ ದಿನಕ್ಕೆ ಬಕೆಟ್ ರೆಡಿ.