ತುಲೂಸ್‌ನ ಊಟದ ಮೇಜು ಮತ್ತು ನನ್ನ ‘ಮೆರ್ಸಿ’

ಕೆಲಸಕ್ಕೆಂದು ಫ್ರಾನ್ಸಿನ ತುಲೂಸ್‌ಗೆ ಹೋದ ಹೊಸತು. ಸಹೋದ್ಯೋಗಿಯೊಬ್ಬರು ರಾತ್ರಿ ಊಟಕ್ಕೆ ಕರೆದಿದ್ದರು. ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ ಗ್ರಾತ್ಯಾಂ ತುಂಬಾ ಚೆನ್ನಾಗಿತ್ತು. ‘ಇನ್ನೂ ಸ್ವಲ್ಪ?’ ಎಂದು ಅವರು ಕೇಳಿದಾಗ ನಗುತ್ತಾ ‘ಮೆರ್ಸಿ’ ಎಂದೆ. ಪಾತ್ರೆ ಪಕ್ಕದವರ ಕಡೆ ಹೊರಟುಹೋಯಿತು.

ಮೆರ್ಸಿ ಎಂದರೆ ಥ್ಯಾಂಕ್ಸ್ ಎಂದು ಗೊತ್ತಿತ್ತು. ಬಡಿಸಲು ಬಂದವರಿಗೆ ಬರೀ ಅಷ್ಟೇ ಹೇಳಿದರೆ ‘ಸಾಕು, ಬೇಡ’ ಎಂದಾಗುತ್ತದೆ ಎಂಬುದು ಗೊತ್ತಿರಲಿಲ್ಲ. ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದೇ ಮರ್ಯಾದೆ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಬೀಳುತ್ತದೆ ಅಲ್ವಾ? ಅಲ್ಲಿ ನಾವು ಹೇಳಿದ್ದನ್ನು ಹಾಗೇ ನಂಬುತ್ತಾರೆ. ಬೇಕಿದ್ದರೆ ‘ವಿ, ವೊಲೋಂತಿಯೇ’ ಎನ್ನಬೇಕು. ಹೌದು, ಖುಷಿಯಿಂದ ಹಾಕಿಸಿಕೊಳ್ಳುತ್ತೇನೆ ಎಂದು ಅರ್ಥ.

ನಿಜವಾಗಿ ಕಷ್ಟವಾಗಿದ್ದು ಎಡಗೈ. ಫೋರ್ಕ್ ಎಡಗೈಯಲ್ಲಿ, ಚಾಕು ಬಲಗೈಯಲ್ಲಿ. ಅಂದರೆ ತುತ್ತು ಬಾಯಿಗೆ ಹೋಗುವುದು ಎಡಗೈಯಿಂದ. ಚಿಕ್ಕಂದಿನಿಂದ ‘ಎಡಗೈ ಮುಂದೆ ಮಾಡಬೇಡ’ ಎಂದು ಕೇಳಿ ಬೆಳೆದವರಿಗೆ ಇದು ಸುಲಭವಲ್ಲ. ಒಂದು ತಿಂಗಳು ಮನೆಯಲ್ಲಿ ದೋಸೆಯನ್ನೂ ಚಾಕು ಫೋರ್ಕ್ ಹಿಡಿದೇ ತಿಂದು ಅಭ್ಯಾಸ ಮಾಡಿಕೊಂಡೆ. ಊಟದ ನಡುವೆ ಸುಮ್ನೆ ಕೂತಾಗ ಕೈ ತೊಡೆಯ ಮೇಲೆ ಇಡುವುದೂ ಅಲ್ಲಿ ಸರಿಯಲ್ಲ. ಎರಡೂ ಮಣಿಕಟ್ಟು ಮೇಜಿನ ಅಂಚಿನ ಮೇಲೆ ಕಾಣುತ್ತಿರಬೇಕು. ಆದರೆ ಮೊಣಕೈ ಊರುವಂತಿಲ್ಲ.

ಬ್ರೆಡ್ಡಿಗೆ ಸಾಮಾನ್ಯವಾಗಿ ಬೇರೆ ತಟ್ಟೆ ಇರುವುದಿಲ್ಲ. ತಟ್ಟೆಯ ಪಕ್ಕ ಮೇಜಿನ ಬಟ್ಟೆಯ ಮೇಲೆಯೇ ಇಡುತ್ತಾರೆ. ಎಂಜಲು ಮುಸುರೆ ನೋಡಿ ಬೆಳೆದ ನನಗೆ ಮೊದಲು ಕಸಿವಿಸಿಯಾಯಿತು. ಆದರೆ ಅದನ್ನು ಚಾಕುವಿನಿಂದ ಕತ್ತರಿಸದೆ ಕೈಯಲ್ಲಿ ತುತ್ತು ತುತ್ತಾಗಿ ಮುರಿಯಬೇಕು ಎಂದಾಗ ಬೆರಳುಗಳಿಗೆ ಜೀವ ಬಂದ ಹಾಗಾಯಿತು.

ಆಮೇಲೆ ಚೀಸ್. ಇದು ಸಿಹಿಗೆ ಮೊದಲು ಬರುತ್ತದೆ. ಬ್ರೀ ಎಂಬ ಮೆತ್ತನೆಯ ಚೀಸ್‌ನ ತ್ರಿಕೋನದ ತುಂಡಿನ ಚೂಪು ತುದಿಯನ್ನು ಕತ್ತರಿಸಿಕೊಳ್ಳಬಾರದು. ಚಕ್ರದಂತೆ ದುಂಡಗಿರುವ ಇಡೀ ಚೀಸ್‌ನ ನಡುಭಾಗ ಅದು, ಎಲ್ಲರಿಗೂ ಸ್ವಲ್ಪ ಸಿಗಬೇಕು. ಹಾಗಾಗಿ ಉದ್ದಕ್ಕೆ ಸೀಳಿಕೊಳ್ಳಬೇಕು. ನಮ್ಮಂಥ ಸಸ್ಯಾಹಾರಿಗಳು ಇನ್ನೊಂದು ವಿಷಯ ತಿಳಿದಿರಬೇಕು. ಕೋಂತೆ, ರೋಕ್‌ಫೋರ್‌ನಂಥ ಚೀಸ್‌ಗಳಲ್ಲಿ ಹಾಲು ಒಡೆಯಲು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಈಗ ನಾನು ಕರೆ ಬಂದ ದಿನವೇ ಮಾಂಸ, ಮೀನು, ರೆನ್ನೆಟ್ ಮೂರನ್ನೂ ಹೇಳಿಬಿಡುತ್ತೇನೆ. ಮೇಜಿಗೆ ಬಂದ ಮೇಲೆ ತಟ್ಟೆ ಸರಿಸಿದರೆ ಅಡುಗೆ ಮಾಡಿದವರಿಗೆ ಬೇಸರವಾಗುತ್ತದೆ. ಮೊದಲೇ ಹೇಳಿದ್ದಕ್ಕೆ ಯಾರೂ ಮುಖ ಸಿಂಡರಿಸಿಲ್ಲ. ವೈನ್ ಬೇಡವೆಂದರೂ ಒತ್ತಾಯವಿಲ್ಲ.

ಹೂವು ಒಯ್ಯುವವರು ಸೇವಂತಿಗೆ ಮಾತ್ರ ಒಯ್ಯಬೇಡಿ. ನಮಗೆ ಅದು ದೇವರ ಹೂವು, ಮುಡಿಯುವ ಹೂವು. ಅಲ್ಲಿ ನವೆಂಬರ್ 1ರ ಸುಮಾರಿಗೆ ಸಮಾಧಿಗಳ ಮೇಲೆ ಇಡುವ ಹೂವು. ಅಂಗಡಿಯವರೇ ‘ಯಾರ ಮನೆಗೆ?’ ಎಂದು ಕೇಳಿ ನನ್ನನ್ನು ಉಳಿಸಿದರು. ಹೋಗುವುದು ಹೇಳಿದ ಸಮಯಕ್ಕಿಂತ 10-15 ನಿಮಿಷ ತಡವಾದರೆ ಒಳ್ಳೆಯದು, ಅಡುಗೆಯವರಿಗೆ ಉಸಿರಾಡಲು ಸಮಯ ಸಿಗುತ್ತದೆ.

8 ಗಂಟೆಗೆ ಹೋದರೆ ಏಳುವಾಗ ಹನ್ನೊಂದೂವರೆ. ಒಂದಾದ ಮೇಲೆ ಒಂದು ಪದಾರ್ಥ, ನಡುನಡುವೆ ಜಾಸ್ತಿ ಮಾತು. ಫ್ರೆಂಚರ ಈ ಹಬ್ಬದೂಟದ ಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮೂರೂವರೆ ಗಂಟೆ ಕೂತವರಿಗೆ ಯಾಕೆಂದು ಗೊತ್ತಾಗುತ್ತದೆ.

ಮುಂದಿನ ಚಳಿಗಾಲದಲ್ಲಿ ಅದೇ ಸಹೋದ್ಯೋಗಿ ನಮ್ಮ ಮನೆಗೆ ಬಂದರು. ಬಿಸಿಬೇಳೆಬಾತ್ ಮಾಡಿದ್ದೆ. ಎರಡನೇ ಸಲ ಬಡಿಸಲು ಹೋದಾಗ ಅವರು ನಗುತ್ತಾ ‘ಮೆರ್ಸಿ’ ಎಂದರು. ಸೌಟು ಅವರ ತಟ್ಟೆಯ ಮೇಲೇ ಇತ್ತು. ಅಮ್ಮನಾಗಿದ್ದರೆ ಹಾಕಿಯೇ ಬಿಡುತ್ತಿದ್ದಳು. ನಾನು ಸೌಟನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.